ರೇವಮ್ಮನ ಕೊಟ್ಟಿಗೆಯ ಆಲು

ಸಾವಿರದ ಒಂಬೈನೂರ ನಲವತ್ತಮೂರನೆಯ ಇಸವಿಯ ಮುಂಗಾರಿನಲ್ಲಿ, ಶಾಂತಿಗ್ರಾಮ ಹೋಬಳಿಗೆ ಸೇರಿದ ಮಾರನಕೊಪ್ಪಲಿನ ರೇವಮ್ಮ ಎಂಬುವವರ ಎಮ್ಮೆಯು ಸರ್ಕಾರದ ಕಡತದಲ್ಲಿ ಆಲೂಗಡ್ಡೆ ಹೊಲವೆಂದು ದಾಖಲಾಯಿತು. ಇದರಲ್ಲಿ ಯಾರ ತಪ್ಪೂ ಇಲ್ಲವೆಂದು ತರುವಾಯ ನಡೆದ ವಿಚಾರಣೆಯಲ್ಲಿ ಸ್ಥಿರಪಟ್ಟಿದೆ. ಎಮ್ಮೆಯದು ಕೊಂಚ ಇರಬಹುದೆಂದು ಮಾತ್ರ ಷರಾ ಬರೆದಿದ್ದಾರೆ.

ಯುದ್ಧದ ಕಾಲ. ದಂಡಿನವರ ಹೊಟ್ಟೆಗೆ ಗೆಡ್ಡೆ ಬೇಕಾಗಿತ್ತು. ಅದಕ್ಕೆಂದೇ ಹಾಸನದಲ್ಲಿ ಆಲೂ ಪ್ರೋತ್ಸಾಹಕ ಇಲಾಖೆ ಎಂಬುದೊಂದು ಹುಟ್ಟಿಕೊಂಡಿತು. ಹುಟ್ಟಿದ ಕೂಡಲೇ ಅದಕ್ಕೊಂದು ಕಟ್ಟಡ, ಕಟ್ಟಡಕ್ಕೊಬ್ಬ ಸೂಪರಿಂಟೆಂಡೆಂಟ್ ಸಾಹೇಬರು, ಸಾಹೇಬರಿಗೊಂದು ಕುರ್ಚಿ, ಕುರ್ಚಿ ಒರೆಸಲು ಜವಾನರು ಎಲ್ಲ ಆಯಿತು. ಇನ್ನು ಆಲೂ ಒಂದು ಆಗಬೇಕಾಗಿತ್ತು. ಅದರ ಸಲುವಾಗಿ ಸಾಹೇಬರು ಒಂದು ಸುತ್ತೋಲೆ ಹೊರಡಿಸಿದರು: "ಆಲೂ ಉತ್ಪತ್ತಿ ಮಾಡತಕ್ಕ ಸಮಸ್ತ ರೈತಾಪಿ ಜನರಿಗೆ ಸರ್ಕಾರದ ಸಹಾಯಧನದ ಬಾಬ್ತು ಕಡಲೆಕಾಯಿ ಹಿಂಡಿಯನ್ನು ಪುಕ್ಕಟೆಯಾಗಿ ಒದಗಿಸಲಾಗುವುದು." ಹಿಂಡಿ ಯಾಕೆ, ಗೊಬ್ಬರಕ್ಕೆ ಎಂಬುದನ್ನು ಬರೆಯಲಿಲ್ಲ. ಅಷ್ಟೂ ತಿಳಿಯದವರು ವ್ಯವಸಾಯ ಮಾಡಬಾರದೆಂಬುದು ಇಲಾಖೆಯ ಅಭಿಪ್ರಾಯ.

ಈಗ ಮಾರನಕೊಪ್ಪಲಿನ ಭಾಷೆಯ ವಿಷಯವಾಗಿ ಎರಡು ಮಾತು ಹೇಳಬೇಕು. ಆ ಊರವರು ಆಲೂಗಡ್ಡೆಗೆ ಉರ್ಲಗೆಡ್ಡೆ ಎನ್ನುತ್ತಾರೆಯೇ ಹೊರತು ಆಲೂ ಎಂದು ಯಾರೂ ಅಂದವರಲ್ಲ. ಇನ್ನು ಹಕಾರವನ್ನು ಖರ್ಚು ಮಾಡುವುದರಲ್ಲಿ ಅವರು ಬಹಳ ಹಿಡಿತದ ಜನ. ಹೋಗು ಎನ್ನುವ ಕಡೆ ಓಗು, ಹಸು ಎನ್ನುವ ಕಡೆ ಅಸು ಎಂದುಕೊಂಡೇ ಹುಟ್ಟಿ, ಬೆಳೆದು, ಮದುವೆಯಾಗಿ, ಮಣ್ಣಾಗುತ್ತಾರೆ. ಹಾಲು ಅವರ ಬಾಯಲ್ಲಿ ಆಲು.

ತೋಟಿ ಕೆಂಚಯ್ಯ ಅರಳಿಕಟ್ಟೆಯ ಮುಂದೆ ತಮಟೆ ಬಡಿದು ಸಾರಿದ್ದು ಹೀಗೆ: "ಕೇಳ್ರಪ್ಪೋ ಕೇಳ್ರಿ! ಆಲು ಮಾಡೋರ್ಗೆಲ್ಲ ಸರ್ಕಾರ್ದೋರು ಬಿಟ್ಟಿ ಇಂಡಿ ಕೊಡ್ತಾರಂತೆ!"

ಹಿಂಡಿ ತಿನ್ನಿಸಿದರೆ ಹಾಲು ಹೆಚ್ಚುತ್ತದೆಂಬುದು ಆಡುವ ಮಕ್ಕಳಿಗೂ ಗೊತ್ತು. ಸರ್ಕಾರಕ್ಕೂ ಗೊತ್ತಾಯಿತಲ್ಲ ಎಂದು ಊರು ಸಂತೋಷಪಟ್ಟಿತು. ಊರಿನ ಅತಿ ದೊಡ್ಡ ಉರ್ಲಗೆಡ್ಡೆ ಬೆಳೆಗಾರ ಪಟೇಲ್ ಕೆಂಪಣ್ಣ, "ನಮ್ಮನೇಲಿ ಕರಾವು ಬತ್ತೋಗೈತೆ, ನಮ್ಗೆಲ್ ಬತ್ತದೆ" ಎಂದು ತಲೆಗೆ ಟವೆಲು ಸುತ್ತಿಕೊಂಡು ಗೆಡ್ಡೆ ಹೊಲಕ್ಕೆ ಹೊರಟುಹೋದ. ರೇವಮ್ಮ ಮಾತ್ರ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಚಾವಡಿಗೆ ನಡೆದಳು.

ಅವಳ ಅವಸರಕ್ಕೆ ಕಾರಣವಿತ್ತು. ಮಗಳು ಗಂಗಾಂಬಿಕೆಯನ್ನು ಮಲ್ಲಿಪಟ್ಟಣದ ಕಡೆ ಕೊಟ್ಟಿದ್ದಳು. ಮೊದಲ ಬಾಣಂತನವನ್ನು ಅತ್ತೆ ತಾನೇ ಮಾಡುತ್ತೇನೆಂದು ಇಟ್ಟುಕೊಂಡು, ಮಜ್ಜಿಗೆ ನೀರಲ್ಲೇ ಪೂರೈಸಿದಳು. ತಾಯಿಗೆ ಎದೆಹಾಲು ಇಳಿಯಲಿಲ್ಲ, ಕೂಸು ಉಳಿಯಲಿಲ್ಲ. ಈ ಸಲ ತವರಲ್ಲೇ ಆಗಬೇಕು, ಹೊತ್ತು ಹೊತ್ತಿಗೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಹಾಲು ಕುಡಿಸಬೇಕು ಎಂದು ರೇವಮ್ಮ ಕಿವಿಯ ಓಲೆ ಮಾರಿ ಎಮ್ಮೆ ಕಟ್ಟಿದ್ದಳು. ವಿಧವೆಗೆ ಓಲೆ ಯಾಕೆ ಎಂದು ನೆಂಟರು ಅಂದದ್ದಕ್ಕೆ, ನಿಮ್ಮ ಬಾಯಿಗೆ ಆಕೋಕೆ ಎಂದಿದ್ದಳು. ಅಂಥ ಹೆಂಗಸು.

ಚಾವಡಿಯಲ್ಲಿ ಇಲಾಖೆಯ ಇನ್‌ಸ್ಪೆಕ್ಟರ್ ಗೌರೀಶಂಕರರು ಕೂತಿದ್ದರು. ವ್ಯವಸಾಯವನ್ನು ಬೆಂಗಳೂರಿನಲ್ಲಿ ಓದಿ ಪಾಸು ಮಾಡಿದವರು. ಒಳ್ಳೆಯ ಮನುಷ್ಯ, ಕೆಟ್ಟದ್ದು ಮಾಡಬೇಕೆಂದು ಕನಸಿನಲ್ಲೂ ಎಣಿಸಿದವರಲ್ಲ. ಇಂಥವರ ಕೈಯಲ್ಲಿ ಸಿಕ್ಕವರನ್ನು ದೇವರೇ ಕಾಪಾಡಬೇಕು.

"ಏನಮ್ಮಾ, ಆಲೂ ಇದೆಯೇ?"

"ಐತೆ ಸ್ವಾಮಿ. ಒತ್ತಾರೆ ಎರಡು ಸೇರು, ಬೈಗಿಗೆ ಒಂದೂವರೆ."

ಇನ್‌ಸ್ಪೆಕ್ಟರು ಲೇಖನಿ ಎತ್ತಿದರು. "ದಿನವೂ ಕೀಳುತ್ತೀರಾ?"

"ಕೀಳ್ದೆ ಬುಟ್ರೆ ಅದು ಸುಮ್ಕಿದ್ದಾತಾ? ಕೂಗ್ ಆಕ್ತದೆ."

ಈ ಅಂಶವು ಅವರ ಪಠ್ಯಪುಸ್ತಕದಲ್ಲಿರಲಿಲ್ಲ. ಹಳ್ಳಿಗರ ಮಾತಿನ ಅಲಂಕಾರವೆಂದು ಬಿಟ್ಟುಬಿಟ್ಟರು. "ಹೊಲ ಎಲ್ಲಿದೆ?"

"ನಮ್ ಕೊಟ್ಟಗೇಲಿ."

ಕಟ್ಟೆಹೊಲ, ಮೂಲೆಹೊಲ ಎಂದು ಹೊಲಗಳಿಗೆ ಹೆಸರಿರುವುದು ವಾಡಿಕೆ. 'ಕೊಟ್ಟಿಗೆ' ಎಂದು ಬರೆದುಕೊಂಡರು. "ಬಣ್ಣ ಹೇಗಿದೆ?"

"ಕರ್ರಗೆ ಮಿಂಚ್ತದೆ ಸ್ವಾಮಿ. ಬೇಕಾದ್ರೆ ಕೈಯಾಡಿಸ್ ನೋಡಿ."

ಕಪ್ಪು ಮಣ್ಣು. "ನೀರು?"

"ಕೆರೇದು."

ಕೆರೆ ನೀರಾವರಿ. ಎಲ್ಲ ಕಾಲಮುಗಳೂ ತುಂಬಿದವು. ಎದ್ದು ಹೋಗಿ ನೋಡಬಹುದಾಗಿತ್ತು, ನಿಜ. ಆದರೆ ದಾರಿಯಲ್ಲಿ ಸಗಣಿ ಇತ್ತು, ಬೂಟು ಹೊಸದು. ರೇವಮ್ಮ ಹೆಬ್ಬೆಟ್ಟು ಒತ್ತಿದಳು. ಮರುವಾರವೇ ಹಿಂಡಿಯ ಮೂಟೆ ಗಾಡಿಯಲ್ಲಿ ಬಂದು ಜಗಲಿಗೆ ಬಿತ್ತು. ಅವಳು ಸರ್ಕಾರ ಇದ್ದ ದಿಕ್ಕಿಗೆ ಕೈಮುಗಿದು, ಹಿಂಡಿ ನೆನೆಹಾಕಿ ಎಮ್ಮೆಯ ಮುಂದಿಟ್ಟಳು. ಎಮ್ಮೆ ತಿಂದಿತು. ಹಾಲು ಹೆಚ್ಚಿತು.

ಇಲಾಖೆಯ ಇತಿಹಾಸದಲ್ಲಿ ಸಹಾಯಧನವೊಂದು ಫಲ ಕೊಟ್ಟದ್ದು ಇದೇ ಮೊದಲು. "ಹಿಂಡಿ ಹಾಕಿದ ಎರಡನೆಯ ದಿನವೇ ಇಳುವರಿ ಏರಿರುತ್ತದೆ" ಎಂದು ಇನ್‌ಸ್ಪೆಕ್ಟರು ಬರೆದ ವರದಿಯನ್ನು ಸಾಹೇಬರು ಗೋಡೆಗೆ ಅಂಟಿಸಿದರು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ನಾಲ್ಕೂ ಕಡೆಯ ಗೆಡ್ಡೆ ಬೆಳೆಗಾರರಿಗೆ, ನಿಮ್ಮ ಹೊಲಗಳು ಹಂಗಾಮಿಗೊಂದು ಸಲ ಮಾತ್ರ ಕೊಡುವುದೇಕೆ, ಬೆಳಿಗ್ಗೆ ಸಂಜೆ ಕೊಡಲು ಏನು ದಾಡಿ ಎಂದು ಸಮಜಾಯಿಷಿ ಕೇಳಿ ನೋಟೀಸು ಹೋಯಿತು.

ಕೆಂಪಣ್ಣನಿಗೆ ಆಗ ವಿಷಯ ಹೊಳೆಯಿತು. ಒಂದು ಬುಟ್ಟಿ ಗೆಡ್ಡೆ ಹೊತ್ತುಕೊಂಡೇ ಹಾಸನಕ್ಕೆ ಹೋಗಿ ಇನ್‌ಸ್ಪೆಕ್ಟರ ಮೇಜಿನ ಮೇಲೆ ಇಟ್ಟ. "ನಮ್ದು ನಾಕೆಕರೆ ಉರ್ಲಗೆಡ್ಡೆ ಐತೆ ಸಾ. ಇಂಡಿ ನಮ್ಗೆ ಸೇರ್ಬೇಕು ಕಣ್ ಸಾ."

ಗೌರೀಶಂಕರರು ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿದರು. "ಉರ್ಲಗೆಡ್ಡೆ ಎಂಬ ಬೆಳೆ ಸಹಾಯಧನಕ್ಕೆ ಒಳಪಟ್ಟಿಲ್ಲವಲ್ಲಪ್ಪ. ಇಲ್ಲಿ ಆಲೂ ಒಂದೇ ಇರೋದು."

"ಎರಡೂ ಒಂದೇ ಸಾ!"

"ಒಂದೇ ಆಗಿದ್ದರೆ ಎರಡು ಹೆಸರು ಯಾಕಿರುತ್ತೆ?"

ಕೆಂಪಣ್ಣ ಪಟೇಲಿಕೆ ಮಾಡಿದ ಮನುಷ್ಯ. ಉತ್ತರವಿಲ್ಲದ ಪ್ರಶ್ನೆಯನ್ನು ಗುರುತಿಸಬಲ್ಲ. ಗೆಡ್ಡೆ ಬುಟ್ಟಿಯನ್ನು ಅಲ್ಲೇ ಬಿಟ್ಟು ಬಂದ. ಕಚೇರಿಯವರು ಅದನ್ನು ಹುಳಿಗೆ ಹಾಕಿಕೊಂಡರು. ಅವನು ಮುಂದಿನ ವಾರ ಗೆಡ್ಡೆ ಮಾರಿ ಒಂದು ಎಮ್ಮೆ ತಂದ.

ಇಲ್ಲಿಯವರೆಗೆ ರೇವಮ್ಮನಿಗೆ ಸುಖವೇ. ತೊಂದರೆ ಶುರುವಾದದ್ದು ಎರಡನೆಯ ಸುತ್ತೋಲೆಯಿಂದ. ಅದರ ಪ್ರಕಾರ ಸಹಾಯಧನ ಪಡೆದ ಬೆಳೆಗಾರರು ತಮ್ಮ ಆಲೂವನ್ನೆಲ್ಲ ದಂಡಿನವರ ಸಲುವಾಗಿ ಹಾಸನದ ಡಿಪೋಗೆ ಒಪ್ಪಿಸತಕ್ಕದ್ದು, ಗೋಣಿಚೀಲದಲ್ಲಿಯೇ ಒಪ್ಪಿಸತಕ್ಕದ್ದು, ಮನೆಯಲ್ಲಿ ಬಳಸತಕ್ಕದ್ದಲ್ಲ, ಹೊಲವು ಗಡಿಕಲ್ಲು ದಾಟತಕ್ಕದ್ದಲ್ಲ. ಈ ಕೊನೆಯದನ್ನು ಯಾವ ಪುಣ್ಯಾತ್ಮ ಸೇರಿಸಿದನೋ, ಅದಕ್ಕೆ ಮುಂಚೆ ಹೊಲಗಳು ಎದ್ದು ಓಡಾಡಿದ ಪುರಾವೆಯಿಲ್ಲ. ಕುಯಿಲಿನ ಮೇಲೆ ಕಣ್ಣಿಡಲು ಕಾವಲಿಗೆ ತಿಮ್ಮಪ್ಪ ಎಂಬ ಜವಾನ ಬಂದ. ಎಮ್ಮೆಯ ನಾಲ್ಕು ಕಡೆಗೂ ಕಲ್ಲು ನೆಟ್ಟು, ಸುಣ್ಣ ಬಳಿದು, ಪಕ್ಕದಲ್ಲಿ ಕಂಬಳಿ ಹಾಸಿಕೊಂಡ.

ತಿಮ್ಮಪ್ಪ ಹರದನಹಳ್ಳಿಯವನು. ಹಾಲು ಕರೆದೇ ಬೆಳೆದವನು. ರೇವಮ್ಮ ಅವನ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತಳು.

"ಲೋ ತಿಮ್ಮಪ್ಪಾ, ನಿನ್ ಕಣ್ಗೆ ಇದು ಏನಂತ ಕಾಣ್ತದೆ?"

"ಎಮ್ಮೆ ಕಣವ್ವಾ."

"ಮತ್ತೆ ಅಂಗಂತ ಯೋಳು ನಿಮ್ ದೊರೆಗೋಳ್ಗೆ!"

"ಕಣ್ಣು ನಂದು ಕಣವ್ವಾ. ಆರ್ಡರು ಸರ್ಕಾರದ್ದು. ನಂಗ್ ಕೊಟ್ಟಿರೋ ಆರ್ಡರಲ್ಲಿ ಎಮ್ಮೆ ಅನ್ನೋ ಮಾತೇ ಇಲ್ಲ."

ಗೋಣಿಚೀಲದಲ್ಲಿ ಹಾಲು ನಿಲ್ಲುವುದಿಲ್ಲವೆಂಬ ತೊಡಕನ್ನು ತಿಮ್ಮಪ್ಪನೇ ಬಿಡಿಸಿದ. ಹಾಲಿನ ಕ್ಯಾನನ್ನು ಚೀಲದೊಳಗಿಟ್ಟು ಬಾಯಿ ಹೊಲಿದು, ಚನ್ನರಾಯಪಟ್ಟಣದ ಕಡೆಯಿಂದ ಬರುವ ಬಸ್ಸಿನ ಮೇಲೆ ಹಾಕತೊಡಗಿದ. ಕರುವಿಗೆಂದು ಒಂದು ಮೊಲೆ ಬಿಟ್ಟದ್ದನ್ನು ಕೀಟಬಾಧೆಯಿಂದಾದ ನಷ್ಟವೆಂದು ತೋರಿಸಲಾಯಿತು. ಅದನ್ನು ಓದಿದ ಇಲಾಖೆ, ಮೈಲುತುತ್ತ ಸುಣ್ಣ ಕಲಸಿದ ಔಷಧಿ ಹೊಡೆಯಲು ಪಂಪು ಸಮೇತ ಒಬ್ಬನನ್ನು ಕಳಿಸಿತು. ರೇವಮ್ಮ ಒನಕೆ ಹಿಡಿದು ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದರಿಂದ, ಕೀಟವು ತಾನಾಗಿಯೇ ಹತೋಟಿಗೆ ಬಂದಿದೆ ಎಂದು ಅವನು ಬರೆದುಕೊಟ್ಟು ಹೋದ.

ಅತ್ತ ಹಾಸನದಲ್ಲಿ ಇಲಾಖೆಯ ಕಾಫಿ ಗಟ್ಟಿಯಾಯಿತು. ಸಾಹೇಬರಿಗೆ ಎರಡು ಲೋಟ, ಇನ್‌ಸ್ಪೆಕ್ಟರಿಗೆ ಒಂದು, ಹೆಡ್ ಗುಮಾಸ್ತರ ಮನೆಗೆ ಒಂದು ತಂಬಿಗೆ. ಈ ಹಾಲು ಎಲ್ಲಿಂದ ಬರುತ್ತಿದೆಯೆಂದು ಯಾರೂ ಕೇಳಲಿಲ್ಲ. ಕೇಳಿದರೆ ನಿಂತುಹೋಗುವ ಅಪಾಯವಿತ್ತು. ದಂಡಿನವರಿಗೆ ಒಂದು ತೊಟ್ಟೂ ಹೋಗಲಿಲ್ಲ. ಅದನ್ನು 'ಒಣಗಿದ್ದರಿಂದ ತೂಕದಲ್ಲಿ ಕಮ್ಮಿ' ಎಂಬ ತಲೆಬರಹದ ಕೆಳಗೆ ತೋರಿಸಿದ್ದಾರೆ.

ಗಂಗಾಂಬಿಕೆ ತುಂಬು ಬಸುರಿಯಾಗಿ ತವರಿಗೆ ಬಂದಿಳಿದಳು. ಮಗಳ ಮುಖ ಬಿಳಿಚಿತ್ತು. ಇನ್ನು ರೇವಮ್ಮ ಕೈಕಟ್ಟಿ ಕೂರುವ ಹಾಗಿರಲಿಲ್ಲ. ನೇರವಾಗಿ ಶಾಲೆಗೆ ಹೋಗಿ ಈಶ್ವರಯ್ಯ ಮೇಷ್ಟರ ಮುಂದೆ ಅತ್ತಳು. ಮೇಷ್ಟರು ಕೇಳಿ, ಕನ್ನಡಕ ಒರೆಸಿಕೊಂಡು, ರೋಗ ಎಲ್ಲಿದೆಯೆಂದು ಕಂಡುಹಿಡಿದರು.

"ನಿನ್ನ ನಾಲಿಗೇಲಿ ಹಕಾರ ಇಲ್ಲ ರೇವಮ್ಮ. ಅಷ್ಟೇ. ನಾಡಿದ್ದು ಸಾಹೇಬರೇ ನಿನ್ನ ಹೊಲ ನೋಡೋಕೆ ಬರ್ತಿದಾರೆ. ಅವರೆದುರು ಸ್ಪಷ್ಟವಾಗಿ ಹೇಳು: ಇದು ಎಮ್ಮೆ, ಇದು ಕೊಡೋದು ಹಾಲು. ಎಲ್ಲಿ, ಹೇಳು. ಹಾಲು."

"ಆಲು."

"ಹೊಟ್ಟೆಯಿಂದ ಉಸಿರು ಬಿಡು. ಹಾ."

"ಆ."

"ಬೆಟ್ಟ ಹತ್ತಿ ಬಂದೋಳ ಹಾಗೆ ಬಿಡು. ಹಾ!"

ಎರಡು ದಿನ ರೇವಮ್ಮ ರಾಗಿ ಬೀಸುವಾಗ, ಕಸ ಗುಡಿಸುವಾಗ, ನೀರು ಸೇದುವಾಗ ಉಸಿರು ಬಿಟ್ಟದ್ದೇ ಬಿಟ್ಟದ್ದು. ಏದುಸಿರು ಬಂದಿದೆಯೇನೋ ಎಂದು ನೆರೆಯವರು ಶುಂಠಿ ಕಷಾಯ ತಂದುಕೊಟ್ಟರು. ಎರಡನೆಯ ದಿನ ಬೈಗಿಗೆ ಅವಳ ಬಾಯಿಂದ ಹೊರಬಿತ್ತು ನೋಡಿ: ಹಾಲು! ಶುದ್ಧವಾದ, ತೂಕವಾದ ಹಾಲು. ತಿಮ್ಮಪ್ಪ ಕಂಬಳಿ ಬಿಟ್ಟು ಎದ್ದು ನಿಂತ.

ಸಾಹೇಬರು ಮೋಟಾರಿನಲ್ಲಿ ಬಂದರು. ಹಿಂದೆ ಗೌರೀಶಂಕರರು, ಅವರ ಹಿಂದೆ ಊರು. ಕೊಟ್ಟಿಗೆಯ ನಡುವೆ, ಬಿಳಿ ಗಡಿಕಲ್ಲುಗಳ ಒಳಗೆ, ಎಮ್ಮೆ ಮೆಲುಕು ಹಾಕುತ್ತ ನಿಂತಿತ್ತು. ಸಾಹೇಬರು ಅದನ್ನು ನೋಡಿದರು. ಅದು ಸಾಹೇಬರನ್ನು ನೋಡಿತು. ಎಮ್ಮೆಯನ್ನು ಎಮ್ಮೆ ಎನ್ನಲು ಯಾರಿಗೂ ಅಡ್ಡಿಯಿರಲಿಲ್ಲ. ಆದರೆ ಗೋಡೆಗೆ ಅಂಟಿಸಿದ ವರದಿ ಆ ಹೊತ್ತಿಗೆ ಮೇಲಿನವರಿಗೆ ತಲುಪಿ, ಸಾಹೇಬರಿಗೆ ಬಡ್ತಿಯ ಮಾತು ನಡೆದಿತ್ತು.

"ನೀನೇ ಏನಮ್ಮ ಬೆಳೆಗಾರ್ತಿ? ಏನಾದರೂ ಹೇಳಿಕೊಳ್ಳೋದಿದೆಯೇ?"

ರೇವಮ್ಮ ಮುಂದೆ ಬಂದಳು. ಮೇಷ್ಟರು ದೂರದಿಂದ ತಲೆಯಾಡಿಸಿದರು. ಅವಳು ಮಗಳನ್ನು ನೆನೆದಳು, ಎದೆ ತುಂಬ ಗಾಳಿ ಎಳೆದುಕೊಂಡಳು, ಹೊಟ್ಟೆಯಿಂದ ಬಿಟ್ಟಳು.

"ಇದು ಹೆಮ್ಮೆ ಸ್ವಾಮಿ! ನನ್ ಹೆಮ್ಮೆ! ಇದು ಕೊಡೋದು ಆಲು!"

ಇದ್ದ ಒಂದೇ ಒಂದು ಹಕಾರ ಎಮ್ಮೆಗೆ ಖರ್ಚಾಗಿ, ಹಾಲಿಗೆ ಉಳಿದಿರಲಿಲ್ಲ. ಮೇಷ್ಟರು ಹಣೆ ಚಚ್ಚಿಕೊಂಡರು.

ಸಾಹೇಬರ ಕಣ್ಣಲ್ಲಿ ನೀರು ಬಂತು. "ಕೇಳಿದಿರಾ ಗೌರೀಶಂಕರ್? ಆಲೂ ಬೆಳೆಯೋದು ತನ್ನ ಹೆಮ್ಮೆ ಅಂತಾಳೆ! ಒಬ್ಬ ಅನಕ್ಷರಸ್ಥ ಹೆಂಗಸು! ದೇಶಕ್ಕೆ ಬೇಕಾಗಿರೋದು ಇದು."

"ಅಯ್ಯೋ ಅಂಗಲ್ಲ ಸ್ವಾಮಿ, ಹೆಮ್ಮೆ! ಹೆಮ್ಮೆ ಅಂದ್ರೆ ಇದು, ಇಗಾ ಇದು!" ಎಂದು ಅವಳು ಎಮ್ಮೆಯ ಬೆನ್ನು ತಟ್ಟಿದಳು.

"ಹೊಲವನ್ನ ಹೇಗೆ ಮುಟ್ಟಿ ಮುಟ್ಟಿ ತೋರಿಸ್ತಾಳೆ ನೋಡಿ" ಎಂದು ಸಾಹೇಬರು ಕರ್ಚೀಫು ತೆಗೆದರು. ಊರು ಚಪ್ಪಾಳೆ ತಟ್ಟಿತು. ಆ ಹೊತ್ತಿಗೆ ಊರಲ್ಲಿ ಅರ್ಧ ಜನ ತಮ್ಮ ಎಮ್ಮೆಗಳನ್ನೂ ಆಲೂ ಹೊಲವೆಂದು ಬರೆಸಿ ಹಿಂಡಿ ಪಡೆದಿದ್ದರು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ಕೆಂಪಣ್ಣ. ಅವನು ಗೆಡ್ಡೆ ಹೊಲದಲ್ಲಿ ಹುಲ್ಲು ಬಿತ್ತಿದ್ದ. ಅವನ ಎಮ್ಮೆಗೆ ಕಾವಲಿರಲಿಲ್ಲ. ಪಟೇಲರ ಮನೆಯ ಹೊಲಕ್ಕೆ ಕಾವಲು ಹಾಕಿದರೆ ಅಗೌರವವಾಗುತ್ತದೆ.

ರೇವಮ್ಮನ ಹೊಲವನ್ನು ಆ ದಿನವೇ ಮಾದರಿ ಹೊಲವೆಂದು ಸಾರಲಾಯಿತು. ಮಾದರಿ ಹೊಲದ ಬೆಳೆಯಲ್ಲಿ ಒಂದು ಗುಕ್ಕೂ ಆಚೀಚೆ ಆಗಕೂಡದೆಂದು ತಿಮ್ಮಪ್ಪನಿಗೆ ಕಟ್ಟಪ್ಪಣೆಯಾಯಿತು.

ವಾರ ಕಳೆಯುವುದರೊಳಗೆ ಗಂಗಾಂಬಿಕೆ ಹೆತ್ತಳು. ಹೆಣ್ಣು ಕೂಸು, ಸಣ್ಣದು, ಆದರೆ ಗಂಟಲು ದೊಡ್ಡದು. ತಾಯಿಯ ಎದೆ ಮಾತ್ರ ಹೋದ ಸಲದಂತೆಯೇ ಒಣಗಿತ್ತು. ರೇವಮ್ಮ ತಿಮ್ಮಪ್ಪನ ಮುಂದೆ ಕೈಜೋಡಿಸಿದಳು. ಅಂಥ ಹೆಂಗಸು ಕೈಜೋಡಿಸಿದಳು ಎಂದರೆ ತಿಳಿದುಕೊಳ್ಳಿ.

"ಒಂದೇ ಒಂದ್ ಲೋಟ ಕಣ್ಲಾ. ಬಾಣಂತಿಗೆ. ಬರೀಬ್ಯಾಡ, ಆಯ್ತಾ?"

ತಿಮ್ಮಪ್ಪನಿಗೂ ಮಕ್ಕಳಿದ್ದವು. ಅವನು ನೆಲ ನೋಡಿದ. "ಬರೀದೆ ಇದ್ರೆ ಸುಳ್ಳಾಯ್ತದೆ ಕಣವ್ವಾ. ಸುಳ್ ಬರ್ಯೋ ಅಧಿಕಾರ ನಂಗಿಲ್ಲ. ಅದೇನಿದ್ರೂ ದೊಡ್ಡ ಸಾಯೇಬ್ರುದು. ಸಿಕ್ಕಾಕ್ಕಂಡ್ರೆ ನನ್ ಮನೇಲೂ ಒಲೆ ಅಂಟಕ್ಕಿಲ್ಲ."

ಊರಲ್ಲಿ ಕೇಳಿದಳು. ಯಾರ ಮನೆಯಲ್ಲೂ ಹಾಲಿರಲಿಲ್ಲ, ಎಲ್ಲರ ಮನೆಯಲ್ಲೂ ಆಲೂ ಇತ್ತು. ಆಲೂ ಕೊಟ್ಟರೆ ಸಹಾಯಧನ ನಿಲ್ಲುತ್ತದೆ ಎಂದರು. ಕೆಂಪಣ್ಣ, "ನಿಂದೇ ಮಾದ್ರಿ ಒಲ, ನಮ್ ತಾವ್ ಕೇಳೋದಾ?" ಎಂದು ನಕ್ಕ.

ಕೊನೆಗೆ ಹಾಸನದ ಬಸ್ಸು ಹತ್ತಿದಳು. ಗೌರೀಶಂಕರರು ಕಾಫಿ ಕುಡಿಯುತ್ತಿದ್ದರು. ಅವಳ ಮುಖ ನೋಡಿ ಲೋಟ ಕೆಳಗಿಟ್ಟರು. ಒಳ್ಳೆಯ ಮನುಷ್ಯ ಎಂದು ಮೊದಲೇ ಹೇಳಿದೆನಲ್ಲ.

"ಬಾಣಂತಿಗೆ ಆಲು ಬೇಕು ಸ್ವಾಮಿ. ಎದೇಲಿ ಇಳೀತಿಲ್ಲ. ಕೂಸು ಅಳ್ತದೆ. ನಮ್ದೇ ಆಲು, ಒಂಚೂರು ನಮ್ಗೇ ಕೊಡಿ."

ಇನ್‌ಸ್ಪೆಕ್ಟರು ಮರುಗಿದರು. ಆಲೂ ತಿಂದರೆ ಎದೆಹಾಲು ಹೆಚ್ಚುತ್ತದೆಂಬುದು ಅವರಿಗೆ ಹೊಸ ಸಂಗತಿ. ಹಳ್ಳಿಗರ ಅನುಭವವನ್ನು ಹಗುರವಾಗಿ ಕಾಣಬಾರದೆಂದು ನಂಬಿದ್ದರು. ತಾವೇ ಎದ್ದು ಸಾಹೇಬರ ಕೋಣೆಗೆ ಹೋಗಿ ವಾದಿಸಿದರು. ಹೊರಗೆ ಬರುವಾಗ ಅವರ ಕೈಯಲ್ಲಿ ಮಂಜೂರಾತಿ ಇತ್ತು: ಮಾದರಿ ಬೆಳೆಗಾರರ ಮನೆಯ ಬಾಣಂತಿಗೆ, ವಿಶೇಷ ಪ್ರಕರಣವೆಂದು ಪರಿಗಣಿಸಿ, ಡಿಪೋದಿಂದ ದಿನಕ್ಕೆ ಅರ್ಧ ಸೇರು ಆಲೂ.

ರೇವಮ್ಮ ಅವರ ಕಾಲಿಗೆ ಬಿದ್ದಳು. ಡಿಪೋದವನು ಬಿತ್ತನೆಗೆಂದು ಇಟ್ಟಿದ್ದ ರಾಶಿಯಿಂದ ಅಳೆದು ಅವಳ ಸೆರಗಿಗೆ ಸುರಿದ. ಮೊಳಕೆ ಬಂದ, ಸುಕ್ಕುಗಟ್ಟಿದ ಗೆಡ್ಡೆಗಳು. ಅವಳು ನೋಡಿದಳು. ಸೆರಗು ಗಂಟು ಹಾಕಿಕೊಂಡಳು. ಮಾತಾಡಿದರೆ ಏನಾಗುತ್ತದೆಂದು ಅಷ್ಟು ಹೊತ್ತಿಗೆ ಅವಳಿಗೆ ಗೊತ್ತಾಗಿತ್ತು.

ಮನೆಗೆ ಬಂದು ಒಲೆ ಹೊತ್ತಿಸಿದಳು. ಗೆಡ್ಡೆ ಬೇಯಿಸಿ, ಸಿಪ್ಪೆ ಸುಲಿದು, ನುಣ್ಣಗೆ ಅರೆದಳು. ಬಿಸಿನೀರು ಬೆರೆಸಿ ಬಟ್ಟೆಯಲ್ಲಿ ಶೋಧಿಸಿದಳು. ಬೆಳ್ಳುಳ್ಳಿ ಜಜ್ಜಿ ಹಾಕಿ, ಒಂದು ಕುದಿ ಬಂದ ಮೇಲೆ ಹಿತ್ತಾಳೆ ಲೋಟಕ್ಕೆ ಬಗ್ಗಿಸಿದಳು. ಬೆಳ್ಳಗೆ ಕಾಣುತ್ತಿತ್ತು.

ಕೂಸು ನೋಡಲು ಬಂದ ಹೆಂಗಸರು ಲೋಟ ಇಣುಕಿ, ಒಳ್ಳೆ ಗಟ್ಟಿ ಆಲು ಎಂದರು. ಈಶ್ವರಯ್ಯ ಮೇಷ್ಟರು ಬಾಗಿಲಲ್ಲೇ ನಿಂತು, ಉಚ್ಚಾರಣೆಯಲ್ಲಿ ಈಗ ದೋಷವಿಲ್ಲ ಎಂದರು. ಕೊಟ್ಟಿಗೆಯಲ್ಲಿ ತಿಮ್ಮಪ್ಪ ಬೈಗಿನ ಕುಯಿಲು ಶುರುಮಾಡಿದ್ದ. ಕ್ಯಾನಿನೊಳಗೆ ಅದು ಸುರ್ ಸುರ್ ಎಂದು ಬೀಳುವ ಸದ್ದು ಒಳಮನೆಗೆ ಕೇಳುತ್ತಿತ್ತು. ಯಾರೂ ಆ ಕಡೆ ತಿರುಗಲಿಲ್ಲ.

ಗಂಗಾಂಬಿಕೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಅವ್ವನ ಮುಖ ನೋಡಿದಳು.

"ಏನವ್ವಾ ಇದು?"

"ಆಲು" ಎಂದಳು ರೇವಮ್ಮ. "ಬಿಸಿ ಇದ್ದಂಗೇ ಕುಡ್ದ್‌ಬುಡು ಮಗಾ. ಆರಿದ್ರೆ ಗಟ್ಟಿಯಾಯ್ತದೆ."